ಪಾಚಿಗೂ ತಗಲುವ ನಂಜುರೋಗ

ಭತ್ತದ ಗದ್ದೆಗೆ ಹಾಕಲೆಂದು ನೀಲಿ-ಹಸಿರು ಪಾಚಿಯನ್ನು ತೊಟ್ಟಿಯಲ್ಲಿ ಬೆಳೆಸುವ ರೈತರಿಂದ ಒಂದು ದೂರು ಆಗಾಗ ಕೇಳಿಬರುತ್ತದೆ. ಹೆಪ್ಪು ಹಾಕಿದ ಎಂಟು ಹತ್ತು ದಿನಗಳಲ್ಲಿ ನೀರಿನ ಮೇಲೆ ದಪ್ಪನಾದ ಹಸಿರು ಕೆನೆ ಕಟ್ಟುತ್ತದೆ. ಇನ್ನೇನು ಒಣಗಿಸಿ ಹೆಕ್ಕಳಿಕೆ ತೆಗೆಯಬಹುದು ಎನ್ನುವಷ್ಟರಲ್ಲಿ ಕೆನೆಯಲ್ಲಿ ಅಲ್ಲಲ್ಲಿ ತೂತು ಬೀಳುತ್ತದೆ, ಹಸಿರು ಹಳದಿಗೆ ತಿರುಗುತ್ತದೆ, ಎರಡು ಮೂರು ದಿನಗಳಲ್ಲಿ ತೊಟ್ಟಿಯಲ್ಲಿ ಉಳಿಯುವುದು ಬರೀ ಕೆಸರು ನೀರು. ನಾಟಿ ಮುಗಿದು ಒಂದು ವಾರವಾಗಿರುತ್ತದೆ, ಪಾಚಿ ಹಾಕುವ ಕಾಲ ಬಂದಿರುತ್ತದೆ, ಕೈಯಲ್ಲಿ ಪಾಚಿಯೇ ಇರುವುದಿಲ್ಲ. ಇದನ್ನು ಒಮ್ಮೆ ಅನುಭವಿಸಿದ ರೈತ ಮರುವರ್ಷ ತೊಟ್ಟಿಯನ್ನು ಬೋರಲು ಹಾಕಿ, "ಪಾಚಿ ಗೊಬ್ಬರವೆಲ್ಲ ಪುಸ್ತಕದ ಮಾತು" ಎಂದುಬಿಡುತ್ತಾನೆ. ಅವನನ್ನು ದೂರುವಂತಿಲ್ಲ. ಆದರೆ ಕೈಬಿಡುವ ಮೊದಲು, ಪಾಚಿ ಸತ್ತದ್ದೇಕೆ ಎಂಬುದನ್ನು ತಿಳಿಯುವುದು ಒಳ್ಳೆಯದು. ಅದಕ್ಕೆ ಹಲವು ಕಾರಣಗಳಿವೆ. ಅವುಗಳಲ್ಲಿ ನಮ್ಮ ವಿಸ್ತರಣಾ ಕಾರ್ಯಕರ್ತರು ಬಹುತೇಕ ಗಮನಿಸದೇ ಬಿಡುವ ಕಾರಣವೊಂದಿದೆ. ಅದೇ ಪಾಚಿಯ ನಂಜುರೋಗ, ಎಂದರೆ ವೈರಸ್ ರೋಗ.

ನಷ್ಟ ಎಷ್ಟು?

ಪಾಚಿ ಗೊಬ್ಬರವನ್ನು ಸರಿಯಾಗಿ ಬಳಸಿದಲ್ಲಿ ಹೆಕ್ಟೇರಿಗೆ 20ರಿಂದ 30 ಕಿಲೋಗ್ರಾಂ ಸಾರಜನಕ ಉಳಿತಾಯವಾಗುತ್ತದೆಂದು ಲೆಕ್ಕ. ಇಂದು ಮಾರಾಟವಾಗುವ 45 ಕಿಲೋ ಯೂರಿಯ ಚೀಲದಲ್ಲಿ ಇರುವುದು ಸುಮಾರು 20 ಕಿಲೋ ಸಾರಜನಕ. ಆದ್ದರಿಂದ ಹೆಕ್ಟೇರಿಗೆ ಒಂದರಿಂದ ಒಂದೂವರೆ ಚೀಲ ಯೂರಿಯದ ಮಾತು ಇದು. ಭತ್ತದ ಗದ್ದೆಯ ಫಲವತ್ತತೆಗೆ ನೀಲಿ-ಹಸಿರು ಪಾಚಿಯೇ ಮುಖ್ಯ ಕಾರಣವೆಂದು ಪಿ.ಕೆ. ಡೇ ಅವರು 1939ರಲ್ಲಿಯೇ ತೋರಿಸಿಕೊಟ್ಟಿದ್ದರು. ಬನಾರಸಿನ ಆರ್.ಎನ್. ಸಿಂಗ್ ಅವರು ಉತ್ತರ ಭಾರತದ ಚೌಳು ನೆಲಗಳಲ್ಲಿ ಇದನ್ನು ಬೆಳೆಸಿ ನೋಡಿದರು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಜಿ.ಎಸ್. ವೆಂಕಟರಾಮನ್ ಮತ್ತು ಅವರ ಸಂಗಡಿಗರು ರೈತರೇ ತಮ್ಮ ಹಿತ್ತಲಲ್ಲಿ ಬೆಳೆಸಿಕೊಳ್ಳಬಹುದಾದ ತೊಟ್ಟಿಯ ವಿಧಾನವನ್ನು ರೂಪಿಸಿದರು. ಸುಮಾರು 2 ಮೀಟರ್ ಉದ್ದ, 1 ಮೀಟರ್ ಅಗಲ, ಒಂದು ಗೇಣು ಆಳದ ತಗಡಿನ ತೊಟ್ಟಿಗೆ 8ರಿಂದ 10 ಕಿಲೋ ಮಣ್ಣು, 200 ಗ್ರಾಂ ಸೂಪರ್ ಫಾಸ್ಫೇಟ್, ನೀರು, ಮೇಲೆ ಒಂದು ಹಿಡಿ ಹೆಪ್ಪು. ಒಣಗಿಸಿ ತೆಗೆದ ಪಾಚಿ ಹೆಕ್ಟೇರಿಗೆ 10 ಕಿಲೋಗ್ರಾಂ ಸಾಕು. ವಿಧಾನ ಇಷ್ಟು ಸುಲಭವಾದ್ದರಿಂದಲೇ ಅದು ಕೆಟ್ಟಾಗ ಕಾರಣ ಹುಡುಕುವ ಗೋಜಿಗೆ ಯಾರೂ ಹೋಗುವುದಿಲ್ಲ.

ಪಾಚಿಗೆ ನಂಜು ತಗಲುವುದೇ?

ನಂಜುರೋಗವೆಂದರೆ ನಮಗೆ ನೆನಪಾಗುವುದು ಏಲಕ್ಕಿಯ ಕಟ್ಟೆ ರೋಗ, ಭತ್ತದ ಟುಂಗ್ರೊ, ಹೊಗೆಸೊಪ್ಪಿನ ಎಲೆಯ ಮೇಲಿನ ಹಳದಿ ಮಚ್ಚೆ. ಕಣ್ಣಿಗೆ ಕಾಣದ ಪಾಚಿಯ ಎಳೆಗೆ ಅದಕ್ಕಿಂತಲೂ ಸಣ್ಣದಾದ ವೈರಸ್ ಅಂಟಿಕೊಳ್ಳುತ್ತದೆಂದರೆ ನಂಬುವುದು ಕಷ್ಟ. ವಿಜ್ಞಾನಿಗಳಿಗೂ 1963ರ ತನಕ ಇದು ಗೊತ್ತಿರಲಿಲ್ಲ. ಆ ವರ್ಷ ಅಮೆರಿಕದ ಸಾಫರ್‌ಮನ್ ಮತ್ತು ಮಾರಿಸ್ ಎಂಬುವರು ಇಂಡಿಯಾನ ರಾಜ್ಯದ ಕೊಳಚೆ ನೀರಿನ ಕೊಳವೊಂದರಿಂದ, ನೀಲಿ-ಹಸಿರು ಪಾಚಿಯನ್ನು ಕೊಲ್ಲುವ ವೈರಸ್ಸನ್ನು ಬೇರ್ಪಡಿಸಿದರು. ಲಿಂಗ್‌ಬಿಯ, ಪ್ಲೆಕ್ಟೊನೀಮ, ಫಾರ್ಮಿಡಿಯಮ್ ಎಂಬ ಮೂರು ಜಾತಿಯ ಪಾಚಿಗಳನ್ನು ಅದು ಹಿಡಿಯುತ್ತಿದ್ದುದರಿಂದ ಆ ಮೂರರ ಮೊದಲ ಅಕ್ಷರಗಳನ್ನು ಸೇರಿಸಿ ಎಲ್.ಪಿ.ಪಿ.-1 ಎಂದು ಹೆಸರಿಟ್ಟರು. ನಾಲ್ಕು ವರ್ಷ ಕಳೆಯುವುದರೊಳಗೆ, 1967ರಲ್ಲಿ, ಬನಾರಸಿನಲ್ಲಿ ಆರ್.ಎನ್. ಸಿಂಗ್ ಮತ್ತು ಪಿ.ಕೆ. ಸಿಂಗ್ ಅವರು ಭಾರತದ ನೀರಿನಲ್ಲಿಯೂ ಇಂತಹ ವೈರಸ್ಸುಗಳಿರುವುದನ್ನು ಪ್ರಕಟಿಸಿದರು. ಮುಂದೆ ಪಿ.ಕೆ. ಸಿಂಗ್ ಅವರು 1973ರಲ್ಲಿ ಕೊಳ, ಕೊಳಚೆ ನೀರು ಮತ್ತು ಭತ್ತದ ಗದ್ದೆಗಳಲ್ಲಿ ಇವುಗಳ ಹಂಚಿಕೆಯನ್ನು ವರದಿ ಮಾಡಿದರು. ಹಾಗಾಗಿ ಇದು ಪರದೇಶದ ರೋಗವೂ ಅಲ್ಲ, ಪ್ರಯೋಗಶಾಲೆಯ ಕುತೂಹಲವೂ ಅಲ್ಲ. ಗದ್ದೆಯ ನೀರಿನಲ್ಲೇ ಇರುವಂಥದು.

ಇಲ್ಲಿ ಒಂದು ಮಾತು. ನೀಲಿ-ಹಸಿರು ಪಾಚಿಯನ್ನು ಬಾಯಿಮಾತಿಗೆ ಪಾಚಿ ಎನ್ನುತ್ತೇವಾದರೂ ಅದು ನಿಜವಾಗಿ ಬ್ಯಾಕ್ಟೀರಿಯಾದ ಕುಲಕ್ಕೆ ಸೇರಿದ್ದು. ಅದರ ವೈರಸ್ಸುಗಳೂ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ವೈರಸ್ಸುಗಳ ಹತ್ತಿರದ ಸಂಬಂಧಿಗಳೇ. ಹಾಗೆಂದು ನಿಜವಾದ ಹಸಿರು ಪಾಚಿಗಳು ಪಾರಾಗಿವೆ ಎಂದಲ್ಲ. ಕ್ಲೋರೆಲ್ಲ ಎಂಬ ಏಕಕೋಶ ಪಾಚಿಯನ್ನು ಹಿಡಿಯುವ ದೈತ್ಯ ವೈರಸ್ಸುಗಳನ್ನು 1980ರ ದಶಕದ ಆರಂಭದಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಕಂಡುಹಿಡಿದರು. ಈ ಕ್ಲೋರೆಲ್ಲ ಪ್ಯಾರಾಮೀಸಿಯಂ ಎಂಬ ಸೂಕ್ಷ್ಮ ಪ್ರಾಣಿಯ ಹೊಟ್ಟೆಯೊಳಗೆ ಬದುಕುತ್ತದೆ. ಒಳಗೆ ಇರುವಷ್ಟು ಕಾಲ ಅದಕ್ಕೆ ರೋಗವಿಲ್ಲ, ಹೊರಗೆ ಬಂದರೆ ವೈರಸ್ ಹಿಡಿಯುತ್ತದೆ. ನಮ್ಮ ತೊಟ್ಟಿಗೆ ಇದರಿಂದ ತೊಂದರೆಯಿಲ್ಲವಾದ್ದರಿಂದ ಮುಂದಕ್ಕೆ ಹೋಗೋಣ.

ಜೀವಕೋಶದ ಒಳಗೆ ಆಗುವುದೇನು?

ಎಲ್.ಪಿ.ಪಿ.-1 ವೈರಸ್ಸಿಗೆ ಹಲವು ಮುಖಗಳ ಹರಳಿನಂತಹ ಒಂದು ತಲೆ, ಅದಕ್ಕೊಂದು ಗಿಡ್ಡ ಬಾಲ. ಇಡೀ ತಲೆಯ ಅಗಲ ಸುಮಾರು 60 ನ್ಯಾನೋಮೀಟರ್. ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರ್ ಜಾಗದಲ್ಲಿ 16 ಸಾವಿರ ಹಿಡಿಸುತ್ತವೆ. ಅದಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ, ಈಜಲು ಬಾರದು. ನೀರಿನಲ್ಲಿ ತೇಲುತ್ತ ತನಗೆ ಒಗ್ಗುವ ಪಾಚಿಯ ಎಳೆ ಸಿಕ್ಕಿದರೆ ಅದರ ಗೋಡೆಗೆ ಅಂಟಿ, ತಲೆಯೊಳಗಿನ ವಂಶವಾಹಿ ದಾರವನ್ನು ಕೋಶದೊಳಕ್ಕೆ ತೂರಿಸುತ್ತದೆ. ಅಲ್ಲಿಂದ ಮುಂದೆ ಆ ಕೋಶ ತನ್ನ ಯಜಮಾನನಿಗಾಗಿ ದುಡಿಯುವುದಿಲ್ಲ, ವೈರಸ್ಸಿಗಾಗಿ ದುಡಿಯುತ್ತದೆ. ಸೋಂಕು ತಗಲಿದ ಸ್ವಲ್ಪ ಹೊತ್ತಿನಲ್ಲೇ ಪಾಚಿ ಇಂಗಾಲಾಮ್ಲವನ್ನು ಹಿಡಿದಿಡುವ ಕೆಲಸ ನಿಲ್ಲುತ್ತದೆ. ಕೆಲವು ಗಂಟೆಗಳಲ್ಲಿ ಕೋಶ ಒಡೆದು ಹತ್ತಾರು, ನೂರಾರು ಹೊಸ ವೈರಸ್ಸುಗಳು ಹೊರಬೀಳುತ್ತವೆ. ಒಂದರಿಂದ ನೂರು, ನೂರರಿಂದ ಹತ್ತು ಸಾವಿರ, ಹತ್ತು ಸಾವಿರದಿಂದ ಹತ್ತು ಲಕ್ಷ. ಮೂರು ಸುತ್ತಿಗೆ ಇಷ್ಟಾದರೆ ಹತ್ತು ದಿನ ಬೆಳೆದ ಪಾಚಿ ಎರಡು ದಿನದಲ್ಲಿ ಕರಗುವುದರಲ್ಲಿ ಆಶ್ಚರ್ಯವೇನಿಲ್ಲ. ಕೋಶ ಒಡೆದಾಗ ಒಳಗಿನ ನೀಲಿ ಬಣ್ಣ ನೀರಿಗೆ ಸೇರುವುದರಿಂದ ತೊಟ್ಟಿಯ ನೀರು ಕೆಲವೊಮ್ಮೆ ತಿಳಿ ನೀಲಿಯಾಗಿ ಕಾಣುವುದೂ ಉಂಟು.

ಸಮುದ್ರದ ನೀಲಿ-ಹಸಿರು ಪಾಚಿಯ ವೈರಸ್ಸುಗಳ ಜಾಣತನ ಇನ್ನೂ ಒಂದು ಹೆಜ್ಜೆ ಮುಂದೆ. ಎಲೆ ಹಸಿರು ಬೆಳಕನ್ನು ಹಿಡಿಯುವ ಯಂತ್ರದಲ್ಲಿ ಡಿ-1 ಎಂಬ ಪ್ರೋಟೀನು ಒಂದಿದೆ. ಬಿಸಿಲಿಗೆ ಅದು ಪದೇ ಪದೇ ಸವೆಯುತ್ತದೆ, ಪದೇ ಪದೇ ಹೊಸದಾಗಿ ತಯಾರಾಗಬೇಕು. ಈ ಪ್ರೋಟೀನಿನ ವಂಶವಾಹಿಯನ್ನು ವೈರಸ್ಸೇ ತನ್ನ ಜೊತೆ ಹೊತ್ತು ತರುತ್ತದೆಂದು 2003ರಲ್ಲಿ ತಿಳಿದುಬಂತು. ಸಾಯುತ್ತಿರುವ ಕೋಶದ ಬೆಳಕಿನ ಯಂತ್ರವನ್ನು ತನ್ನ ಮರಿಗಳು ತಯಾರಾಗುವ ತನಕ ಓಡಿಸಿಕೊಳ್ಳುವ ಉಪಾಯ ಇದು. ಕಬ್ಬು, ಮುಸುಕಿನ ಜೋಳದ ಹೊಲದಲ್ಲಿ ಬಳಸುವ ಅಟ್ರಜಿನ್, ಡೈಯುರಾನ್ ಕಳೆನಾಶಕಗಳು ಹೋಗಿ ಕೂರುವುದೂ ಇದೇ ಡಿ-1 ಪ್ರೋಟೀನಿನ ಮೇಲೆ. ಬೇಸಾಯಶಾಸ್ತ್ರದವನಾದ ನನಗೆ ಈ ಸಂಗತಿ ಓದಿದಾಗ, ಕಳೆನಾಶಕದ ಪಾಠವನ್ನೇ ಹೊಸದಾಗಿ ಹೇಳಬೇಕೆನಿಸಿತು.

ಎಲ್ಲವನ್ನೂ ನಂಜಿನ ತಲೆಗೆ ಕಟ್ಟಬೇಡಿ

ತೊಟ್ಟಿಯ ಪಾಚಿ ಸತ್ತೊಡನೆ ವೈರಸ್ಸೇ ಕಾರಣವೆಂದು ತೀರ್ಮಾನಿಸುವುದೂ ತಪ್ಪು. ನನ್ನ ಅಂದಾಜಿನಲ್ಲಿ ಹುಳು, ಹುಳಿ ಮತ್ತು ಮೈಲುತುತ್ತ ಈ ಮೂರನ್ನು ಮೊದಲು ನೋಡಬೇಕು.

ಹುಳು ಎಂದರೆ ಸೊಳ್ಳೆಯ ಮರಿಹುಳು, ಬಸವನಹುಳು ಮತ್ತು ಸಾಸಿವೆಗಿಂತ ಸಣ್ಣದಾದ, ಎರಡು ಚಿಪ್ಪಿನೊಳಗೆ ಕುಳಿತು ಈಜುವ ಜಲಕೀಟಗಳು. ಇವು ಪಾಚಿಯನ್ನು ಮೇಯುತ್ತವೆ. ಬಿಳಿ ತಟ್ಟೆಗೆ ಸ್ವಲ್ಪ ನೀರು ಸುರಿದು ಬಿಸಿಲಿನಲ್ಲಿ ನೋಡಿದರೆ ಅವು ಓಡಾಡುವುದು ಕಾಣುತ್ತದೆ. ಹುಳು ಮೇಯ್ದ ಕೆನೆ ಅಂಚಿನಿಂದ ಹರಕು ಹರಕಾಗಿ ಸವೆಯುತ್ತದೆ, ಉಳಿದ ಭಾಗ ಹಸಿರಾಗಿಯೇ ಇರುತ್ತದೆ. ನಂಜು ತಗಲಿದಾಗ ಕೆನೆಯ ನಡುವೆ ದುಂಡಗೆ ತಿಳಿಯಾದ ಮಚ್ಚೆ ಬಿದ್ದು ದಿನದಿನಕ್ಕೆ ಹಿಗ್ಗುತ್ತ ಹೋಗುತ್ತದೆ, ಸುತ್ತಲ ಅಂಚು ಹಳದಿಯಾಗುತ್ತದೆ. ತೊಟ್ಟಿಯ ನೀರು ಅಲುಗಾಡುತ್ತಿದ್ದರೆ ಮಚ್ಚೆ ಕಾಣದೆ ಎಲ್ಲವೂ ಒಟ್ಟಿಗೇ ಮಾಸಬಹುದು.

ಹುಳಿ ಮಣ್ಣು ಮಲೆನಾಡು ಮತ್ತು ಕರಾವಳಿಯ ತೊಂದರೆ. ನೀಲಿ-ಹಸಿರು ಪಾಚಿ ಹುಳಿಯನ್ನು ಒಲ್ಲದು. ಅಲ್ಲಿ ತೊಟ್ಟಿಯ ಮಣ್ಣಿಗೆ ಸುಣ್ಣ ಬೆರೆಸಲೇಬೇಕು. ಆದರೆ ಹುಳಿಯಲ್ಲಿ ಪಾಚಿ ಮೊದಲಿನಿಂದಲೂ ಸೊರಗುತ್ತದೆ. ಚೆನ್ನಾಗಿ ಬೆಳೆದು ಆಮೇಲೆ ಬೀಳುವುದಿಲ್ಲ.

ಮೂರನೆಯದು ಮೈಲುತುತ್ತ. ತಾಮ್ರವು ಪಾಚಿಗೆ ವಿಷ. ಅಡಿಕೆಗೆ ಬೋರ್ಡೋ ದ್ರಾವಣ ಕಲಸಿದ ಡ್ರಮ್ಮಿನಲ್ಲೇ ನೀರು ತಂದು ತೊಟ್ಟಿಗೆ ಸುರಿದರೆ ಪಾಚಿ ಉಳಿಯುವುದಿಲ್ಲ. ಇದಕ್ಕೆ ಬೇರೆ ರೋಗ ಹುಡುಕುವುದು ವ್ಯರ್ಥ.

ಮೂರು ಬಾಟಲಿಗಳ ಪರೀಕ್ಷೆ

ವಿಷದಿಂದ ಸತ್ತಿತೋ, ಅಂಟುರೋಗದಿಂದ ಸತ್ತಿತೋ ಎಂಬುದನ್ನು ಮನೆಯಲ್ಲೇ ಮಟ್ಟಿಗೆ ತಿಳಿಯಬಹುದು. ಇದಕ್ಕೆ ಸೂಕ್ಷ್ಮದರ್ಶಕ ಬೇಡ. ವಿಸ್ತರಣಾ ಕಾರ್ಯಕರ್ತರು ಇದನ್ನು ಒಮ್ಮೆ ಊರಿನಲ್ಲಿ ಮಾಡಿ ತೋರಿಸಿದರೆ ಭಾಷಣಕ್ಕಿಂತ ಹೆಚ್ಚು ಉಪಯೋಗವಾದೀತು.

ಕೆಟ್ಟ ತೊಟ್ಟಿಯ ನೀರನ್ನು ನಾಲ್ಕು ಮಡಿಕೆ ಮಾಡಿದ ಒತ್ತಾದ ಬಟ್ಟೆಯಲ್ಲಿ ಸೋಸಿಕೊಳ್ಳಿ. ಹುಳುಗಳೂ ಪಾಚಿಯ ಎಳೆಗಳೂ ಬಟ್ಟೆಯಲ್ಲಿ ಉಳಿಯುತ್ತವೆ, ವೈರಸ್ ಕೆಳಗಿಳಿಯುತ್ತದೆ. ಸೋಸಿದ ನೀರಿನಲ್ಲಿ ಅರ್ಧ ಭಾಗವನ್ನು ಹತ್ತು ನಿಮಿಷ ಕುದಿಸಿ ಆರಿಸಿ. ಅದೇ ಹೆಪ್ಪಿನಿಂದ ಬೆಳೆದು ಇನ್ನೂ ಆರೋಗ್ಯವಾಗಿರುವ ಪಾಚಿಯನ್ನು ಮೂರು ತೊಳೆದ ಗಾಜಿನ ಬಾಟಲಿಗಳಿಗೆ ಸಮನಾಗಿ ಹಾಕಿ. ಮೊದಲನೆಯದಕ್ಕೆ ಕುದಿಸಿ ಆರಿಸಿದ ಬಾವಿ ನೀರು ಎರಡು ಚಮಚ, ಎರಡನೆಯದಕ್ಕೆ ಕುದಿಸಿದ ತೊಟ್ಟಿ ನೀರು ಎರಡು ಚಮಚ, ಮೂರನೆಯದಕ್ಕೆ ಕುದಿಸದ ತೊಟ್ಟಿ ನೀರು ಎರಡು ಚಮಚ ಹಾಕಿ, ಬೆಳಕಿರುವ ಆದರೆ ಬಿಸಿಲು ನೇರವಾಗಿ ಬೀಳದ ಕಿಟಕಿಯಲ್ಲಿಡಿ. ವಾರದೊಳಗೆ ಎರಡೂ ಮೂರೂ ಸತ್ತು ಒಂದನೆಯದು ಹಸಿರಾಗಿದ್ದರೆ, ಕುದಿಸಿದರೂ ಹೋಗದ ವಿಷ ತೊಟ್ಟಿಯ ನೀರಿನಲ್ಲಿದೆ ಎಂದರ್ಥ. ಮೂರನೆಯದು ಮಾತ್ರ ಸತ್ತರೆ ಅಂಟುರೋಗದ ಅನುಮಾನ ಬಲವಾಗುತ್ತದೆ.

ಆದರೆ ಇಷ್ಟಕ್ಕೇ ನಿಲ್ಲಿಸಬಾರದು. ಕೆಲವು ಔಷಧಿಗಳು ಕುದಿಸಿದಾಗ ಶಕ್ತಿ ಕಳೆದುಕೊಳ್ಳುತ್ತವೆ. ಆದ್ದರಿಂದ ಸತ್ತ ಮೂರನೆಯ ಬಾಟಲಿಯಿಂದ ಒಂದು ಚಮಚ ನೀರನ್ನು ಹೊಸ ಪಾಚಿಯ ಬಾಟಲಿಗೆ ಹಾಕಿ. ಅದು ಸತ್ತರೆ ಅದರಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ. ವಿಷವಾದರೆ ಪ್ರತಿ ಬಾರಿಯೂ ನೀರಾಗಿ, ಎರಡು ಮೂರು ಬಾಟಲಿ ದಾಟುವಷ್ಟರಲ್ಲಿ ಕೊಲ್ಲುವ ಶಕ್ತಿ ಉಳಿಯುವುದಿಲ್ಲ. ಮಜ್ಜಿಗೆಗೆ ನೀರು ಬೆರೆಸುತ್ತ ಹೋದಂತೆ. ನಂಜಾದರೆ ಪ್ರತಿ ಬಾಟಲಿಯಲ್ಲೂ ಹೊಸದಾಗಿ ಹುಟ್ಟುತ್ತದೆ, ನಾಲ್ಕನೆಯ ಬಾಟಲಿಯನ್ನೂ ಮೊದಲನೆಯಷ್ಟೇ ಚುರುಕಾಗಿ ಕೊಲ್ಲುತ್ತದೆ. ಹೆಪ್ಪಿನಿಂದ ಹೆಪ್ಪಿಗೆ ಹೋಗುವುದೇ ಅದರ ಗುರುತು. ಪಾಚಿಯನ್ನು ಕರಗಿಸುವ ಕೆಲವು ಬ್ಯಾಕ್ಟೀರಿಯಾ, ಶಿಲೀಂಧ್ರಗಳೂ ಹೀಗೆಯೇ ಅಂಟುತ್ತವೆ. ಅವುಗಳನ್ನು ವೈರಸ್ಸಿನಿಂದ ಬೇರ್ಪಡಿಸಿ ಹೇಳಲು ಬ್ಯಾಕ್ಟೀರಿಯಾವನ್ನೂ ತಡೆಯುವ ಸೂಕ್ಷ್ಮ ಜರಡಿ ಮತ್ತು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ರೈತನ ಮಟ್ಟಿಗೆ ಆ ಭೇದ ಅಷ್ಟು ಮುಖ್ಯವಲ್ಲ. ಎರಡಕ್ಕೂ ಮಾಡಬೇಕಾದ್ದು ಒಂದೇ.

ಮಾಡಬೇಕಾದ್ದು

ನಂಜು ತಗಲಿದ ಪಾಚಿಗೆ ಔಷಧಿಯಿಲ್ಲ. ಅಂಗಡಿಯಲ್ಲಿ ಯಾರಾದರೂ ಕೊಟ್ಟರೆ ಕೊಳ್ಳಬೇಡಿ. ಕೆಟ್ಟ ತೊಟ್ಟಿಯ ತಳದಲ್ಲಿ ಉಳಿದ ಚೂರು ಪಾರೆ ಪಾಚಿಯನ್ನು "ವ್ಯರ್ಥವೇಕೆ" ಎಂದು ಮತ್ತೆ ಹೆಪ್ಪಾಗಿ ಬಳಸುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಅದು ರೋಗವನ್ನೇ ಹೆಪ್ಪು ಹಾಕಿದಂತೆ. ಆ ಮಣ್ಣು, ನೀರನ್ನು ಬೇರೆ ತೊಟ್ಟಿಗಳಿಂದ ದೂರ ಚೆಲ್ಲಿ, ತೊಟ್ಟಿಯನ್ನು ಕುದಿಯುವ ನೀರಿನಿಂದ ತೊಳೆದು ಕೆಲವು ದಿನ ಸುಡುಬಿಸಿಲಿನಲ್ಲಿ ಬೋರಲು ಹಾಕದೆ ಬಾಯಿ ಮೇಲಾಗಿ ಇಡಬೇಕು. ಬಿಸಿಲಿನ ನೇರಳಾತೀತ ಕಿರಣ ಈ ವೈರಸ್ಸುಗಳ ಸೋಂಕು ಶಕ್ತಿಯನ್ನು ಕುಂದಿಸುತ್ತದೆ. ಕೆಸರಿನ ಅಡಿಯಲ್ಲಿ, ನೆರಳಿನಲ್ಲಿ ಅವು ಉಳಿದುಕೊಳ್ಳುತ್ತವೆ.

ತೊಟ್ಟಿಗೆ ಕೆರೆಯ ನೀರನ್ನಾಗಲಿ, ಗದ್ದೆಯ ಬಸಿ ನೀರನ್ನಾಗಲಿ ಹಾಕದೆ ಬಾವಿಯ ಅಥವಾ ಕೊಳವೆ ಬಾವಿಯ ನೀರನ್ನು ಹಾಕುವುದು ಒಳ್ಳೆಯದು. ಎಲ್ಲ ತೊಟ್ಟಿಗಳಿಗೂ ಒಂದೇ ಚೊಂಬು, ಒಂದೇ ಕೈ ಆಡಿಸುವ ಅಭ್ಯಾಸ ಬಿಡಬೇಕು.

ಇವೆಲ್ಲಕ್ಕಿಂತ ಮುಖ್ಯವಾದುದು ಮಿಶ್ರ ಹೆಪ್ಪು. ಒಂದೊಂದು ವೈರಸ್ ತನಗೆ ಒಗ್ಗಿದ ಕೆಲವೇ ಪಾಚಿಗಳನ್ನು ಹಿಡಿಯುತ್ತದೆ. ಪ್ಲೆಕ್ಟೊನೀಮವನ್ನು ಕರಗಿಸುವ ಎಲ್.ಪಿ.ಪಿ.-1 ಪಕ್ಕದಲ್ಲಿರುವ ನಾಸ್ಟಾಕ್ ಪಾಚಿಯನ್ನು ಮುಟ್ಟುವುದಿಲ್ಲ. ನಾಸ್ಟಾಕಿಗೆ ಅದರದೇ ಆದ ಬೇರೆ ವೈರಸ್ಸುಗಳಿವೆ. ಆದ್ದರಿಂದ ನಾಸ್ಟಾಕ್, ಅನಬೀನ, ಆಲೋಸಿರ, ಟೋಲಿಪೋಥ್ರಿಕ್ಸ್ ಮುಂತಾದ ಹಲವು ಪಾಚಿಗಳಿರುವ ಹೆಪ್ಪಿನಲ್ಲಿ ಒಂದು ಬಿದ್ದರೂ ಉಳಿದವು ಆ ಜಾಗ ತುಂಬುತ್ತವೆ. ಇಡೀ ಬಯಲಿಗೆ ಒಂದೇ ತಳಿಯ ಭತ್ತ ನಾಟಿ ಮಾಡಿ ರೋಗ ಬಂದಾಗ ಎಲ್ಲವನ್ನೂ ಕಳೆದುಕೊಳ್ಳುವುದನ್ನು ನಾವು ನೋಡಿಲ್ಲವೇ? ಚೀಸ್ ತಯಾರಿಸುವ ಡೈರಿಗಳಲ್ಲಿಯೂ ಹೆಪ್ಪಿನ ಬ್ಯಾಕ್ಟೀರಿಯಾಕ್ಕೆ ಇಂತಹುದೇ ವೈರಸ್ ಕಾಟ. ಅವರು ಬೇರೆ ಬೇರೆ ಹೆಪ್ಪುಗಳನ್ನು ಸರದಿಯ ಮೇಲೆ ಬದಲಾಯಿಸುತ್ತಾರೆ. ನಾವೂ ಪ್ರತಿ ಹಂಗಾಮಿಗೆ ಮನೆಯ ಹೆಪ್ಪನ್ನೇ ನೆಚ್ಚದೆ, ಸಂಶೋಧನಾ ಕೇಂದ್ರದಿಂದ ಹೊಸ ಹೆಪ್ಪು ತರುವುದು ವಾಸಿ. ಕೆಲವು ವೈರಸ್ಸುಗಳು ಪಾಚಿಯ ವಂಶವಾಹಿಯಲ್ಲೇ ಸೇರಿ ಸದ್ದಿಲ್ಲದೆ ಕುಳಿತು, ಕಷ್ಟಕಾಲ ಬಂದಾಗ ಏಳುವುದರಿಂದ ನೋಡಲು ಚೆನ್ನಾಗಿರುವ ಹೆಪ್ಪೂ ರೋಗ ಹೊತ್ತಿರಬಹುದು. ಸ್ಪಿರುಲಿನ ಬೆಳೆಸುವವರೂ ಇದನ್ನು ಗಮನಿಸಬೇಕು. ಆ ಪಾಚಿಗೂ ವೈರಸ್ ಇರುವುದನ್ನು ಫ್ರಾನ್ಸಿನ ವಿಜ್ಞಾನಿಗಳು 2013ರಲ್ಲಿ ವರದಿ ಮಾಡಿದ್ದಾರೆ.

ಗದ್ದೆಗೆ ಹಾಕಿದ ಮೇಲೆ ನಂಜು ತಗಲಿದರೆ ಅಷ್ಟಾಗಿ ಗಾಬರಿ ಬೇಡ. ಪಾಚಿ ಹಿಡಿದಿಟ್ಟ ಸಾರಜನಕ ಭತ್ತಕ್ಕೆ ದೊರಕುವುದೇ ಬಹುಮಟ್ಟಿಗೆ ಅದು ಸತ್ತು ಕೊಳೆತ ಮೇಲೆ. ವೈರಸ್ ಕೋಶವನ್ನು ಒಡೆದರೆ ಒಳಗಿನ ಸಾರ ನೀರಿಗೂ ಮಣ್ಣಿಗೂ ಸೇರುತ್ತದೆ. ಹಾಕಿದ ನಾಲ್ಕೇ ದಿನಕ್ಕೆ ಬಿದ್ದರೆ ಮಾತ್ರ ನಷ್ಟ, ಏಕೆಂದರೆ ಆಗ ಅದು ಇನ್ನೂ ಏನನ್ನೂ ಗಳಿಸಿರುವುದಿಲ್ಲ. ಈ ವೈರಸ್ಸುಗಳು ಭತ್ತವನ್ನಾಗಲಿ, ದನಕರುಗಳನ್ನಾಗಲಿ, ಗದ್ದೆಗಿಳಿದು ಕೆಲಸ ಮಾಡುವವರನ್ನಾಗಲಿ ಹಿಡಿಯುವುದಿಲ್ಲ.

ಕೆರೆಯ ಪಾಚಿಗೆ ಇದನ್ನೇ ಬಿಟ್ಟರೆ?

ಈ ವಿಷಯ ಹೇಳಿದಾಗಲೆಲ್ಲ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಇದು. ಬೇಸಿಗೆಯಲ್ಲಿ ಊರ ಕೆರೆಯ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಮೈಕ್ರೋಸಿಸ್ಟಿಸ್ ಎಂಬ ಪಾಚಿ ಏಳುತ್ತದೆ. ಇದೂ ನೀಲಿ-ಹಸಿರು ಪಾಚಿಯೇ, ಆದರೆ ಸಾರಜನಕ ಹಿಡಿಯದು. ಇದರ ಹಲವು ತಳಿಗಳಲ್ಲಿ ಪಿತ್ತಜನಕಾಂಗವನ್ನು ಕೆಡಿಸುವ ವಿಷವಿದೆ. ವೈರಸ್ ಬಿಟ್ಟು ಪಾಚಿಯನ್ನು ಹತೋಟಿಗೆ ತರುವ ಆಲೋಚನೆ 1960ರ ದಶಕದಲ್ಲಿ, ಎಲ್.ಪಿ.ಪಿ.-1 ಸಿಕ್ಕ ಕಾಲದಲ್ಲೇ ಹುಟ್ಟಿತ್ತು. ಮೈಕ್ರೋಸಿಸ್ಟಿಸ್ ಪಾಚಿಯ ವೈರಸ್ಸನ್ನು ಜಪಾನಿನ ಮಿಕಾತ ಸರೋವರದಿಂದ ಬೇರ್ಪಡಿಸಿದ್ದೂ ಆಗಿದೆ. ಆದರೂ ರೈತರ ಕೈಗೆ ಕೊಡುವಂತಹ ಉಪಾಯ ಇದರಿಂದ ಬಂದಿಲ್ಲ. ವೈರಸ್ ಕೆರೆಯಲ್ಲಿರುವ ಎಲ್ಲ ತಳಿಗಳನ್ನೂ ಹಿಡಿಯುವುದಿಲ್ಲ. ಹಿಡಿದ ತಳಿಯಲ್ಲಿಯೂ ಲಕ್ಷಕ್ಕೊಂದು ಕೋಶ ಅದನ್ನು ತಡೆದುಕೊಂಡು ಬದುಕಿ ಮತ್ತೆ ಕೆರೆ ತುಂಬುತ್ತದೆ. ಕೆರೆಗೆ ಹರಿದು ಬರುವ ರಂಜಕ, ಕೊಳಚೆ ನಿಲ್ಲದೆ ಪಾಚಿ ನಿಲ್ಲುವುದಿಲ್ಲ.

ಇನ್ನೊಂದು ಅಪಾಯವೂ ಇದೆ. ಪಾಚಿ ಜೀವಂತವಾಗಿರುವಾಗ ವಿಷ ಬಹುಮಟ್ಟಿಗೆ ಅದರ ಕೋಶದೊಳಗೇ ಇರುತ್ತದೆ. ನಂಜಿನಿಂದಾಗಲಿ, ಮೈಲುತುತ್ತದಿಂದಾಗಲಿ, ತಾನಾಗಿಯಾಗಲಿ ಪಾಚಿ ಒಮ್ಮೆಗೇ ಸತ್ತಾಗ ವಿಷವೆಲ್ಲ ನೀರಿಗೆ ಬಿಡುಗಡೆಯಾಗುತ್ತದೆ. ಕೆರೆ ತಿಳಿಯಾಯಿತೆಂದು ದನಗಳನ್ನು ಇಳಿಸುವುದು ಆಗಲೇ. ಹಸಿರು ಕೆನೆ ಕರಗಿದ ಮೇಲೂ ಎರಡು ಮೂರು ವಾರ ದನಕರುಗಳಿಗೆ ಬಾವಿಯ ನೀರನ್ನೇ ಕುಡಿಸಬೇಕು. ಈ ವಿಷ ನೀರನ್ನು ಕುದಿಸಿದರೂ ಹೋಗುವುದಿಲ್ಲ.